ಗೋಧಿ ಬಿಯರ್‌ಗೆ ಕಿತ್ತಳೆ ಸಿಪ್ಪೆಯ ಘಮ: ಎಷ್ಟು ಹಾಕಬೇಕು, ಯಾವಾಗ ಹಾಕಬೇಕು?

ಬೆಲ್ಜಿಯಂನ ‘ವಿಟ್‌ಬಿಯರ್’ ಎಂಬ ಮಸುಕುಬಣ್ಣದ ಗೋಧಿ ಬಿಯರ್‌ಗೆ ಅದರದೇ ಆದ ಪರಿಮಳ ಬರುವುದು ಕೊತ್ತಂಬರಿ ಬೀಜದಿಂದ ಮತ್ತು ಕ್ಯುರಾಸಾವ್ ದ್ವೀಪದ ಹೆಸರಿನಲ್ಲಿ ಪ್ರಸಿದ್ಧವಾದ ಕಹಿ ಕಿತ್ತಳೆಯ ಒಣಸಿಪ್ಪೆಯಿಂದ. 1950ರ ದಶಕದಲ್ಲಿ ಈ ಬಗೆಯ ಬಿಯರ್ ಹೆಚ್ಚುಕಡಿಮೆ ಕಣ್ಮರೆಯಾಗಿತ್ತು. ಹೂಗಾರ್ಡನ್ ಊರಿನಲ್ಲಿ ಹಾಲು ಮಾರುತ್ತಿದ್ದ ಪಿಯರ್ ಸೆಲಿಸ್ ಅವರು 1966ರಲ್ಲಿ ಅದನ್ನು ಮತ್ತೆ ತಯಾರಿಸತೊಡಗಿದ್ದರಿಂದ ಅದು ಉಳಿಯಿತು. ಅಮೆರಿಕ, ಬ್ರಿಟನ್‌ನಂತಹ ದೇಶಗಳಲ್ಲಿ ಸ್ವಂತ ಬಳಕೆಗೆ ಮನೆಯಲ್ಲೇ ಬಿಯರ್ ತಯಾರಿಸಲು ಅವಕಾಶವಿದ್ದು, ಈ ಲೇಖನ ಅಲ್ಲಿನ ಕನ್ನಡಿಗರಿಗಾಗಿ. ಕರ್ನಾಟಕದಲ್ಲಿ 1965ರ ಅಬಕಾರಿ ಕಾಯ್ದೆಯಂತೆ ಪರವಾನಗಿ ಇಲ್ಲದೆ ಮದ್ಯ ತಯಾರಿಸುವಂತಿಲ್ಲ.

ಮೊದಲ ಕೆಲಸ ಹಣ್ಣಿನ ಆಯ್ಕೆ. ಅಂಗಡಿಯ ಕಿತ್ತಳೆಗೆ ಹೊಳಪಿಗಾಗಿ ಮೇಣ ಸವರಿರುವುದುಂಟು. ಅಂತಹ ಹಣ್ಣನ್ನು ಬಿಸಿನೀರಿನಲ್ಲಿ ಬ್ರಷ್‌ನಿಂದ ಚೆನ್ನಾಗಿ ಉಜ್ಜಿ ತೊಳೆದು, ಒರೆಸಿ ಒಣಗಿಸಬೇಕು. ಮೇಣ ಸವರದ ಹಣ್ಣು ಸಿಕ್ಕರೆ ಇನ್ನೂ ಒಳ್ಳೆಯದು.

ಮುಂದಿನ ಹಂತದಲ್ಲಿ ಆತುರ ಸಲ್ಲದು. ಸಿಪ್ಪೆಯ ತುಂಡೊಂದನ್ನು ಬೆಳಕಿಗೆ ಹಿಡಿದು ಹೊರಮೈ ಬಾಗುವಂತೆ ಮಡಿಚಿದರೆ ಸಣ್ಣ ತುಂತುರು ಚಿಮ್ಮುವುದು ಕಾಣುತ್ತದೆ. ನಮಗೆ ಬೇಕಾದ ಎಣ್ಣೆ ಅದೇ. ಅದು ಇರುವುದು ಬಣ್ಣದ ಹೊರಪದರದಲ್ಲಿ ಮಾತ್ರ. ಅದರ ಕೆಳಗಿನ ಬಿಳಿ ಭಾಗದಲ್ಲಿ ಪರಿಮಳವಿಲ್ಲ, ಇರುವುದು ಒಗರು ಮತ್ತು ಕಹಿ. ಮನೆಯಲ್ಲಿ ಕಿತ್ತಳೆ ಸಿಪ್ಪೆಯ ಗೊಜ್ಜು ಮಾಡುವವರಿಗೆ ಇದು ಗೊತ್ತಿರುವ ವಿಷಯವೇ, ಆದರೆ ಗೊಜ್ಜಿನ ಕಹಿಯನ್ನು ತಗ್ಗಿಸಲು ಬೆಲ್ಲ, ಹುಣಸೆಹಣ್ಣು ಇರುತ್ತವೆ, ಬಿಯರ್‌ನಲ್ಲಿ ಅಂತಹ ಆಸರೆ ಯಾವುದೂ ಇಲ್ಲ. ಆದ್ದರಿಂದ ಸಣ್ಣ ತುರಿಮಣೆಯ ಮೇಲೆ ಹಣ್ಣನ್ನು ಹಗುರವಾಗಿ ಎಳೆಯಬೇಕು. ಬಿಳಿ ಇಣುಕಿದ ಕೂಡಲೇ ಹಣ್ಣನ್ನು ತಿರುಗಿಸಿ ಬೇರೆ ಜಾಗಕ್ಕೆ ಹೋಗಬೇಕು.

20 ಲೀಟರ್ ಬಿಯರ್‌ಗೆ 25ರಿಂದ 30 ಗ್ರಾಂ ಹಸಿ ತುರಿ ಅಥವಾ 15ರಿಂದ 20 ಗ್ರಾಂ ಕಹಿ ಕಿತ್ತಳೆಯ ಒಣಸಿಪ್ಪೆ ಸಾಕು. ಇದಕ್ಕೆ ಜೊತೆಯಾಗಿ 15 ಗ್ರಾಂ ಕೊತ್ತಂಬರಿ ಬೀಜವನ್ನು ಹುರಿಯದೆ, ಬೀಜ ಎರಡು ಮೂರು ಹೋಳಾಗುವಷ್ಟು ಮಾತ್ರ ಕುಟ್ಟಿಕೊಳ್ಳಬೇಕು. ಮೊದಲ ಸಲ ಕಡಿಮೆ ಅಳತೆಯನ್ನೇ ಹಿಡಿಯುವುದು ವಿವೇಕ, ಏಕೆಂದರೆ ಕಡಿಮೆಯಾದ ಘಮವನ್ನು ಆಮೇಲೆ ಸೇರಿಸಬಹುದು, ಹೆಚ್ಚಾದದ್ದನ್ನು ತೆಗೆಯಲಾಗದು. ಬಿಯರ್‌ಗೆ ಕಹಿ ಕೊಡುವ ಹಾಪ್ಸ್ ಎಂಬ ಹೂವು ಕೂಡ ಮಿತವಾಗಿರಲಿ. ಅದರ ಕಹಿ ಮುಂದಾದರೆ ಸಿಪ್ಪೆಯ ಘಮ ಮರೆಯಾಗುತ್ತದೆ.

ಸಿಪ್ಪೆಯನ್ನು ಹಾಕುವ ಹೊತ್ತಂತೂ ಬಹಳ ಮುಖ್ಯ. ಮಾಲ್ಟ್‌ನಿಂದ, ಅಂದರೆ ಮೊಳಕೆ ಬರಿಸಿ ಒಣಗಿಸಿದ ಧಾನ್ಯದಿಂದ, ತೆಗೆದ ಸಿಹಿ ದ್ರಾವಣವನ್ನು ಸಾಮಾನ್ಯವಾಗಿ ಒಂದು ಗಂಟೆ ಕುದಿಸುತ್ತಾರೆ. ಸಿಪ್ಪೆಯನ್ನು ಆರಂಭದಲ್ಲೇ ಹಾಕಿದರೆ ಅದರ ಎಣ್ಣೆಯ ಮುಖ್ಯ ಅಂಶವಾದ ಲಿಮೊನೀನ್ ಹಬೆಯೊಡನೆ ಹಾರಿಹೋಗಿ, ಅಡುಗೆಮನೆ ಘಮಘಮಿಸಿದರೂ ಪಾತ್ರೆಯಲ್ಲಿ ಕಹಿ ಮಾತ್ರ ಉಳಿಯುತ್ತದೆ. ಕುದಿ ಮುಗಿಯಲು ಐದು ನಿಮಿಷ ಇರುವಾಗ ತುರಿ ಮತ್ತು ಕೊತ್ತಂಬರಿಯನ್ನು ತೆಳುಬಟ್ಟೆಯ ಚೀಲದಲ್ಲಿ ಸಡಿಲವಾಗಿ ಕಟ್ಟಿ ಇಳಿಬಿಡಬೇಕು. ಉರಿ ಆರಿಸಿ, ಚೀಲ ತೆಗೆದು, ದ್ರಾವಣವನ್ನು ಬೇಗನೆ 20 ಡಿಗ್ರಿ ಸೆಲ್ಸಿಯಸ್‌ಗೆ ತಣಿಸಿ ಯೀಸ್ಟ್ ಸೇರಿಸಬೇಕು. ಲವಂಗದಂತಹ ತಿಳಿಘಮ ಕೊಡುವ ವಿಟ್‌ಬಿಯರ್ ಯೀಸ್ಟ್ ಕಿತ್ತಳೆಗೆ ಚೆನ್ನಾಗಿ ಒಗ್ಗುತ್ತದೆ.

ಹುದುಗುವಾಗ ಹೊರಬರುವ ಅನಿಲದೊಂದಿಗೂ ಸ್ವಲ್ಪ ಪರಿಮಳ ಹೋಗುತ್ತದೆ. ಹುದುಗು ನಿಂತ ಮೇಲೆ ರುಚಿ ನೋಡಿ, ಘಮ ಸಾಲದೆನಿಸಿದರೆ ಒಂದು ಕಿತ್ತಳೆಯ ತುರಿಯನ್ನು 60 ಮಿಲಿಲೀಟರ್ ವೋಡ್ಕಾದಲ್ಲಿ ಮೂರು ನಾಲ್ಕು ದಿನ ನೆನೆಸಿ ಸೋಸಿಕೊಳ್ಳಿ. ನೀರಿನಲ್ಲಿ ಕರಗದ ಸಿಪ್ಪೆಯ ಎಣ್ಣೆ ಮದ್ಯಸಾರದಲ್ಲಿ ಸುಲಭವಾಗಿ ಕರಗುತ್ತದೆ. ಈ ಸಾರವನ್ನು ಒಮ್ಮೆಗೇ ಸುರಿಯದೆ, 100 ಮಿಲಿಲೀಟರ್ ಬಿಯರ್‌ಗೆ ಹನಿಹನಿಯಾಗಿ ಹಾಕಿ, ಪ್ರತಿ ಹನಿಗೂ ಮೂಸಿ, ಹಿಡಿಸಿದ ಹದವನ್ನು ಗುರುತಿಟ್ಟುಕೊಂಡು, ಅದೇ ಲೆಕ್ಕದಲ್ಲಿ ಇಡೀ ಬಿಯರ್‌ಗೆ ಸೇರಿಸಬೇಕು. ಎಣ್ಣೆ ಅತಿಯಾದರೆ ನೊರೆಯೂ ಬೇಗ ಕುಸಿಯುತ್ತದೆ. ಬಾಟಲಿಗೆ ತುಂಬಿದ ಮೇಲೆ ಮೊದಲು ಮಾಸುವುದು ಕಿತ್ತಳೆಯ ಘಮವೇ ಆದ್ದರಿಂದ, ಇದನ್ನು ತಿಂಗಳುಗಟ್ಟಲೆ ಕೂಡಿಡದೆ ಹೊಸದಿರುವಾಗಲೇ ಕುಡಿಯಬೇಕು.