ಮಾತ್ರೆ ನೋವಿಗಲ್ಲ, ಕೆಮ್ಮೋಕೆ

ಹೃದಯದ ಮೈಟ್ರಲ್ ಕವಾಟ ಬದಲಿಸುವ ಆಪರೇಷನ್ ಆದಾಗ ನನಗೆ 44 ವರ್ಷ. ಚಿಕ್ಕಂದಿನಲ್ಲಿ ಬಂದುಹೋದ ರುಮ್ಯಾಟಿಕ್ ಜ್ವರ ಅಷ್ಟು ವರ್ಷ ಒಳಗೊಳಗೇ ಕವಾಟವನ್ನು ಹಾಳು ಮಾಡಿತ್ತು. ಎದೆಮೂಳೆಯನ್ನು ನಡುವೆ ಉದ್ದಕ್ಕೂ ಸೀಳಿ, ಮೆಕ್ಯಾನಿಕಲ್ ಕವಾಟ ಕೂರಿಸಿ, ಮೂಳೆಯನ್ನು ಸ್ಟೀಲ್ ತಂತಿಯಲ್ಲಿ ಬಿಗಿದಿದ್ದರು. ಎರಡು ಹೆರಿಗೆ ಕಂಡವಳು, ಇದನ್ನೂ ತಡ್ಕೊಳ್ತೀನಿ ಅಂದ್ಕೊಂಡಿದ್ದೆ. ನಾನು ಮಾಡಿದ ದೊಡ್ಡ ತಪ್ಪು ಅದೇ.

ಐಸಿಯುನಲ್ಲಿ ಸಿಸ್ಟರ್ ಬಂದಾಗಲೆಲ್ಲ "ನೋವು ಹತ್ತಕ್ಕೆ ಎಷ್ಟಿದೆ ಅಕ್ಕ?" ಅಂತ ಕೇಳೋರು. ನಾನು "ಸ್ವಲ್ಪ" ಅನ್ನುತ್ತಿದ್ದೆ. ಕೆಮ್ಮು ಅಂದರೆ ಗಂಟಲಲ್ಲೇ ಒಂದು ಸದ್ದು ಮಾಡಿ ಸುಮ್ಮನಾಗುತ್ತಿದ್ದೆ. ಎರಡನೇ ದಿನ ಅವರು ಮಂಚದ ಪಕ್ಕ ನಿಂತು, "ನೋವು ಅಂತ ನೀವು ಕೆಮ್ಮಲ್ಲ. ಕೆಮ್ಮದಿದ್ರೆ ಕಫ ಕಟ್ಕೊಳ್ಳುತ್ತೆ, ನ್ಯುಮೋನಿಯಾ ಆಗುತ್ತೆ. ಮಾತ್ರೆ ನೋವಿಗಲ್ಲ ಅಕ್ಕ, ಕೆಮ್ಮೋಕೆ" ಅಂದರು. ದಿಂಬನ್ನು ಎದೆಗೆ ಎರಡೂ ಕೈಯಲ್ಲಿ ಅವುಚಿಕೊಂಡು ಕೆಮ್ಮೋದನ್ನು ಕಲಿಸಿದ್ದೂ ಅವರೇ. ಮೂಳೆ ಬಿರಿದೇ ಹೋಗುತ್ತೇನೋ ಅನ್ನಿಸುತ್ತೆ. ದಿಂಬು ಒತ್ತಿ ಹಿಡಿದರೆ ಆ ಭಯ ಅರ್ಧ ಇಳಿಯುತ್ತೆ.

ಮನೆಗೆ ಬಂದಮೇಲೆ ಮತ್ತೆ ಹಳೇ ಚಾಳಿ. ಮಾತ್ರೆ ಉಷ್ಣ, ಕಿಡ್ನಿಗೆ ಕೆಟ್ಟದ್ದು ಅಂತ ನೋಡೋಕೆ ಬಂದವರೆಲ್ಲ ಹೇಳಿದರು. ನೋವಿನ ಮಾತ್ರೆ ಎರಡು ದಿನ ಬಿಟ್ಟೆ. ಉಸಿರಿನ ವ್ಯಾಯಾಮಕ್ಕೆ ಉಸಿರೆಳೆದರೆ ಚೆಂಡು ಮೇಲೇರುವ, ಮೂರು ಚೆಂಡಿನ ಸ್ಪೈರೋಮೀಟರ್ ಕೊಟ್ಟಿದ್ದರು. ಆಸ್ಪತ್ರೆ ಬಿಡುವಾಗ ಎರಡು ಚೆಂಡು ಮೇಲೇರುತ್ತಿದ್ದವು. ಮಾತ್ರೆ ಬಿಟ್ಟ ಎರಡನೇ ಸಂಜೆ ಒಂದೇ ಚೆಂಡು, ಅದೂ ಅರ್ಧಕ್ಕೆ ಹೋಗಿ ಬಿತ್ತು. ನನ್ನ ಉಸಿರು ಎಷ್ಟು ಮೇಲುಮೇಲಕ್ಕೇ ಆಡುತ್ತಿದೆ ಅನ್ನೋದು ಕಣ್ಣೆದುರಿಗೇ ಕಂಡಾಗ ಹೆದರಿಕೆಯಾಯಿತು. ಮಗಳು ಆಸ್ಪತ್ರೆಗೆ ಫೋನ್ ಮಾಡಿದಳು. ಬರೆದುಕೊಟ್ಟ ಪ್ಯಾರಸಿಟಮಾಲ್ 650 ಅನ್ನು ನೋವು ಏರುವವರೆಗೆ ಕಾಯದೆ ಹೊತ್ತಿಗೆ ಸರಿಯಾಗಿ ತಗೊಳ್ಳಿ, ವ್ಯಾಯಾಮಕ್ಕೂ ಸ್ನಾನಕ್ಕೂ ಅರ್ಧ ಮುಕ್ಕಾಲು ಗಂಟೆ ಮುಂಚೆ ಬರುವ ಹಾಗೆ ನೋಡ್ಕೊಳ್ಳಿ ಅಂದರು. ಹಾಗೆ ಮಾಡಿದ ಮೂರನೇ ದಿನಕ್ಕೆ ಎರಡು ಚೆಂಡೂ ಮತ್ತೆ ಮೇಲೆದ್ದವು.

ಒಂದು ಮಾತು ಗಟ್ಟಿಯಾಗಿ ಹೇಳಬೇಕು. ನನ್ನ ಹಾಗೆ ಮೆಕ್ಯಾನಿಕಲ್ ಕವಾಟ ಇರುವವರು ರಕ್ತ ಹೆಪ್ಪುಗಟ್ಟದ ಹಾಗೆ ಅಸಿಟ್ರಾಮ್ ಅಥವಾ ವಾರ್ಫರಿನ್ ಜೀವನಪೂರ್ತಿ ತಗೋಬೇಕು. ಬೆನ್ನುನೋವು ಅಂತ ಮೆಡಿಕಲ್ ಶಾಪಿನಲ್ಲಿ ಕೇಳಿ ಬ್ರೂಫೆನ್, ಡೈಕ್ಲೋಫಿನಾಕ್ ನುಂಗಬಾರದು, ರಕ್ತಸ್ರಾವ ಆಗಬಹುದು. ದಿನಾ ಪ್ಯಾರಸಿಟಮಾಲ್ ತಗೊಂಡರೂ ಐಎನ್‌ಆರ್, ಅಂದರೆ ರಕ್ತ ಎಷ್ಟು ನಿಧಾನವಾಗಿ ಹೆಪ್ಪುಗಟ್ಟುತ್ತೆ ಅಂತ ತೋರಿಸುವ ಪರೀಕ್ಷೆಯ ಅಂಕಿ, ಏರಬಹುದು. ಅದಕ್ಕೆ ಎಷ್ಟು ಮಾತ್ರೆ ತಗೊಂಡೆ ಅನ್ನೋದನ್ನು ಕ್ಯಾಲೆಂಡರಿನಲ್ಲಿ ಗೀಟು ಹಾಕಿಟ್ಟು ಡಾಕ್ಟರಿಗೆ ತೋರಿಸುತ್ತಿದ್ದೆ.

ನಿಜವಾಗಿ ಕಾಡಿದ್ದು ಹೊಲಿಗೆ ಹಾಕಿದ ಜಾಗವಲ್ಲ, ಎರಡು ಹೆಗಲಮೂಳೆಗಳ ನಡುವಿನ ಬೆನ್ನು. ಆಪರೇಷನ್ ಹೊತ್ತಿನಲ್ಲಿ ಪಕ್ಕೆಲುಬುಗಳನ್ನು ಅಗಲಿಸಿ ಹಿಡಿದಿರುತ್ತಾರಲ್ಲ, ಅದರ ನೋವು. ಬಿಸಿನೀರಿನ ಚೀಲ ಬೆನ್ನಿಗೆ ಮಾತ್ರ ಇಟ್ಟುಕೊಳ್ಳುತ್ತಿದ್ದೆ, ಗಾಯದ ಹತ್ತಿರಕ್ಕೆ ತರುತ್ತಿರಲಿಲ್ಲ. ಭುಜ ಮೆಲ್ಲಗೆ ತಿರುಗಿಸೋದು ಎಲ್ಲಕ್ಕಿಂತ ಒಗ್ಗಿತು. ನೋವಾಗುತ್ತೆ ಅಂತ ಮುಂದಕ್ಕೆ ಬಾಗಿಕೊಂಡು ಕೂತಷ್ಟೂ ಬೆನ್ನು ಹಿಡಿದುಕೊಳ್ಳುತ್ತಿತ್ತು.

ಹೆಂಗಸರಿಗೆ ಇನ್ನೊಂದು ಕಷ್ಟ ಇದೆ, ಅದನ್ನು ಯಾರೂ ಬಾಯಿಬಿಟ್ಟು ಹೇಳೋದಿಲ್ಲ. ಮೊಲೆಯ ಭಾರ ಗಾಯವನ್ನು ಎರಡೂ ಕಡೆ ಎಳೆಯುತ್ತೆ. ಮುಂದೆ ಹುಕ್ ಇರುವ, ತಂತಿ ಇಲ್ಲದ ಹತ್ತಿಯ ಬ್ರಾ ಒಳಗೆ ತೆಳ್ಳನೆ ಮೆತ್ತನೆ ಬಟ್ಟೆ ಮಡಿಸಿಟ್ಟು ಹಗಲು ರಾತ್ರಿ ಹಾಕಿಕೊಂಡಿದ್ದೆ. ಆವತ್ತಿನಿಂದಲೇ ಉರಿ ಕಡಿಮೆಯಾಯಿತು. ಜಡೆ ಹಾಕೋದು ಎರಡು ತಿಂಗಳು ಮಗಳ ಕೆಲಸ.

ಏಳುವಾಗ ಕೈಯೂರದೆ, ಪಕ್ಕಕ್ಕೆ ಹೊರಳಿ, ಕಾಲು ಕೆಳಗಿಳಿಸಿ ಮೇಲೇಳಬೇಕು. ನಮ್ಮತ್ತೆ ಪ್ರೀತಿಯಿಂದಲೇ ತೋಳು ಹಿಡಿದು ಎತ್ತೋಕೆ ಬರುತ್ತಿದ್ದರು, ಅದನ್ನು ಬಿಡಿಸಬೇಕಾಯಿತು. ಎದೆಮೂಳೆ ಲಟಲಟ ಅಂದರೆ, ಗಾಯ ಸೋರಿದರೆ, ಜ್ವರ ಬಂದರೆ ತಡಮಾಡದೆ ಬನ್ನಿ ಅಂತ ಬರೆದುಕೊಟ್ಟಿದ್ದರು. ಆ ಚೀಟಿ ಫ್ರಿಜ್ಜಿನ ಮೇಲೆ ಅಂಟಿಸಿದ್ದೆವು.

ರಾತ್ರಿ ಎಲ್ಲ ಮಲಗಿದ ಮೇಲೆ ಕವಾಟದ ಟಿಕ್ ಟಿಕ್ ಕೇಳಿಸುತ್ತಿತ್ತು. ಕಾರಣವಿಲ್ಲದೆ ಅಳು ಬರುತ್ತಿತ್ತು. ತುಂಬಾ ಜನಕ್ಕೆ ಹೀಗಾಗುತ್ತೆ ಅಂತ ಡಾಕ್ಟರ್ ಹೇಳಿದ್ದು, ಗಂಡ ಎದ್ದು ದೀಪ ಹಾಕಿ ಪಕ್ಕ ಕೂರುತ್ತಿದ್ದದ್ದು, ಇವೆರಡೂ ನನಗೆ ಮಾತ್ರೆಯಷ್ಟೇ ಕೆಲಸ ಮಾಡಿದವು. ಹಗಲು ಮನೆ ಮುಂದೆ ಐದು ನಿಮಿಷದಿಂದ ಶುರುಮಾಡಿದ ನಡಿಗೆ ಆರನೇ ವಾರಕ್ಕೆ ಅರ್ಧ ಗಂಟೆಯಾಯಿತು.

ಮುದ್ದೆ ಕೋಲನ್ನು ಮಾತ್ರ ಮೂರು ತಿಂಗಳು ಮುಟ್ಟಲಿಲ್ಲ. ಮುದ್ದೆ ತಿರುವೋಕೆ ಎದೆಯ ಬಲವೆಲ್ಲ ಬೇಕು. ಡಾಕ್ಟರ್ ಒಪ್ಪಿದ ಮೇಲೆ ಒಬ್ಬರಿಗಾಗುವಷ್ಟು ಹಿಟ್ಟು ಹಾಕಿ ತಿರುವಿದೆ. ಗಂಟಾಯಿತು, ಎದೆ ಮಾತ್ರ ನೋಯಲಿಲ್ಲ.