ಗೀಸರಿನ ಪ್ಲಗ್ಗು ಕರಗಿದ್ದು, ಬಿಲ್ಲು ಇಳಿದದ್ದು

ಮೂರು ತಿಂಗಳಿಂದ ವಿದ್ಯುತ್ ಬಿಲ್ಲು ಏರುತ್ತಲೇ ಇದ್ದುದರಿಂದ ಒಂದೊಂದೇ ಉಪಕರಣವನ್ನು ಪರಿಶೀಲಿಸುತ್ತಾ ಗೀಸರಿನ ಬಳಿ ಬಂದಾಗ, ಪ್ಲಗ್ಗಿನ ಒಂದು ಪಿನ್ನು ಕಪ್ಪಾಗಿ, ಅದರ ಸುತ್ತಲಿನ ಪ್ಲಾಸ್ಟಿಕ್ ಕರಗಿರುವುದನ್ನು ಕಂಡು ಎದೆ ಝಲ್ಲೆಂದಿತು. 2000 ವ್ಯಾಟಿನ ಗೀಸರು 230 ವೋಲ್ಟಿನಲ್ಲಿ ಸುಮಾರು 8.7 ಆಂಪಿಯರ್ ಎಳೆಯುತ್ತದೆ. ನಾವು ಅದನ್ನು 6 ಆಂಪಿಯರಿನ ಎಕ್ಸ್‌ಟೆನ್ಷನ್ ಬೋರ್ಡಿಗೆ ಸಿಕ್ಕಿಸಿದ್ದೆವು. ಸಡಿಲವಾದ ಸಂಪರ್ಕದಲ್ಲಿ ರೋಧ ಹೆಚ್ಚಿ ಅಲ್ಲಿಯೇ ಶಾಖ ಹುಟ್ಟುತ್ತದೆ ಎಂದೂ, ಒಟ್ಟು ಪ್ರವಾಹ ತನ್ನ ಮಿತಿಯೊಳಗೇ ಇದ್ದರೆ ಎಂಸಿಬಿ (ಪ್ರವಾಹ ಮಿತಿಮೀರಿದಾಗ ತಾನಾಗಿಯೇ ಆರುವ ಸ್ವಿಚ್ಚು) ಆ ಶಾಖವನ್ನು ಗುರುತಿಸುವುದೇ ಇಲ್ಲವೆಂದೂ ನನಗೆ ಆಗಲೇ ತಿಳಿದದ್ದು. ಎಲೆಕ್ಟ್ರಿಷಿಯನ್ ಅವರನ್ನು ಕರೆಸಿ, ಗೀಸರಿಗೆಂದೇ 16 ಆಂಪಿಯರಿನ ಸಾಕೆಟ್ಟನ್ನೂ ಅದಕ್ಕೆ ತಕ್ಕ ದಪ್ಪದ ತಂತಿಯನ್ನೂ ಹಾಕಿಸಿದೆ. ಬಿಲ್ಲು ಏರಲು ಕಾರಣ ಬೇರೆ: ದಿನವಿಡೀ ಆರಿಸದೆ ಬಿಟ್ಟ ಗೀಸರು ತಣಿದ ನೀರನ್ನು ಮತ್ತೆ ಮತ್ತೆ ಕಾಯಿಸುತ್ತಿತ್ತು. ಈಗ ಸ್ನಾನಕ್ಕೆ ಅರ್ಧ ಗಂಟೆ ಮೊದಲಷ್ಟೇ ಹಾಕುತ್ತೇವೆ. ಬಿಲ್ಲು ಇಳಿದಿದೆ, ಪ್ಲಗ್ಗು ಬಿಸಿಯಾಗುತ್ತಿಲ್ಲ.