ನಿಲ್ಲುವುದನ್ನು ಕಲಿಸುವುದೇ ಮೊದಲ ಪಾಠ: ಕಾಲೇಜು ಹುಡುಗಿಯರಿಗೆ ಬಾಸ್ಕೆಟ್‌ಬಾಲ್ ಕಲಿಸಿದ ನನ್ನ ಅನುಭವ

ಆಡುವ ಕಾಲದಲ್ಲಿ ನಾನು ಪಾಯಿಂಟ್ ಗಾರ್ಡ್, ಅಂದರೆ ಚೆಂಡು ತಂದು ತಂಡದ ಆಟ ನಡೆಸುವವಳು. ಕಾಲೇಜಿಗೆ ಆಡಿದೆ, ಯೂನಿವರ್ಸಿಟಿಗೆ ಆಡಿದೆ, ಆಮೇಲೆ ಎನ್‌ಐಎಸ್ (ರಾಷ್ಟ್ರೀಯ ಕ್ರೀಡಾ ಸಂಸ್ಥೆ) ಕೋಚಿಂಗ್ ಡಿಪ್ಲೊಮಾ ಮುಗಿಸಿ ಬೆಂಗಳೂರಿನ ಒಂದು ಕಾಲೇಜಿನ ಮಹಿಳಾ ತಂಡಕ್ಕೆ ಕೋಚ್ ಆದೆ. ಚೆನ್ನಾಗಿ ಆಡಿದವಳಿಗೆ ಕಲಿಸುವುದು ಸಲೀಸು ಎಂದು ಹೊರಗಿನವರು ಅಂದುಕೊಳ್ಳುತ್ತಾರೆ. ಕಷ್ಟ ಇರುವುದೇ ಅಲ್ಲಿ. ಇಷ್ಟು ವರ್ಷ ನನ್ನ ಕಾಲು ತಾನಾಗಿ ಮಾಡುತ್ತಿದ್ದುದನ್ನು ಬಿಡಿಸಿ, ಯಾವ ಪಾದ ಮೊದಲು, ಸೊಂಟ ಎಷ್ಟು ತಗ್ಗಬೇಕು, ಕಣ್ಣು ಎಲ್ಲಿರಬೇಕು ಎಂದು ಇನ್ನೊಬ್ಬಳ ಮೈಗೆ ತಿಳಿಯುವ ಹಾಗೆ ಹೇಳಬೇಕು.

ಪಿಯು ಮುಗಿಸಿ ಬರುವ ಹುಡುಗಿಯರಿಗೆ ಓಡುವುದು ಬರುತ್ತದೆ, ನೆಗೆಯುವುದು ಬರುತ್ತದೆ. ನಿಲ್ಲುವುದು ಬರುವುದಿಲ್ಲ. ಪೂರ್ತಿ ವೇಗದಲ್ಲಿ ಬಂದು ಒಂದೇ ಕಾಲಿನ ಮೇಲೆ, ಮಂಡಿ ನೇರವಾಗಿಟ್ಟು ಬ್ರೇಕ್ ಹಾಕುತ್ತಾರೆ. ಟ್ರಾವೆಲಿಂಗ್ (ಚೆಂಡು ಹಿಡಿದು ಹೆಚ್ಚು ಹೆಜ್ಜೆ ಇಟ್ಟ ತಪ್ಪು) ವಿಸಲ್ ಬೀಳುವುದು ಸಣ್ಣ ನಷ್ಟ, ಮಂಡಿಯೊಳಗಿನ ಎಸಿಎಲ್ ಎಂಬ ಅಸ್ಥಿರಜ್ಜು ಹರಿದರೆ ಹೆಚ್ಚುಕಡಿಮೆ ಒಂದು ವರ್ಷವೇ ಹೋಯಿತು. ಈ ಆಟದಲ್ಲಿ ಹುಡುಗರಿಗಿಂತ ಹುಡುಗಿಯರಿಗೆ ಈ ಗಾಯ 2ರಿಂದ 4 ಪಟ್ಟು ಹೆಚ್ಚು. ಅದರಲ್ಲೂ ಬಹುಪಾಲು ಯಾರೂ ಡಿಕ್ಕಿ ಹೊಡೆಯದೆ, ಬರೀ ಇಳಿಯುವಾಗ ಅಥವಾ ತಿರುಗುವಾಗ ಆಗುವಂಥದ್ದು. ನಮ್ಮ ಕಾಲೇಜುಗಳ ಕೋರ್ಟ್ ಹೆಚ್ಚಾಗಿ ಸಿಮೆಂಟಿನವು, ಆ ನೆಲ ಏಟನ್ನು ತಾನು ನುಂಗುವುದಿಲ್ಲ.

ಹಾಗಾಗಿ ಸೀಸನ್ ಶುರುವಾದ ಮೊದಲ ವಾರಗಳಲ್ಲಿ ನಮ್ಮಲ್ಲಿ ಶೂಟಿಂಗ್‌ಗಿಂತ ಜಂಪ್ ಸ್ಟಾಪ್ ಜಾಸ್ತಿ. ರಿಂಗಿನ ಹಿಂದಿನ ಕೊನೆ ಗೆರೆಯಾದ ಬೇಸ್‌ಲೈನಿನಿಂದ ಓಟ, ನನ್ನ ವಿಸಲ್, ಎರಡೂ ಪಾದ ಒಟ್ಟಿಗೆ ನೆಲಕ್ಕೆ. ಸೊಂಟ ಹಿಂದಕ್ಕೆ, ಮಂಡಿ ಪಾದದ ನೇರಕ್ಕೆ, ಎದೆ ಮೇಲಕ್ಕೆ. ನಾನು ಅವರಿಗೆ ಬೆನ್ನು ಹಾಕಿ ನಿಂತು ಬರೀ ಕೇಳಿಸಿಕೊಳ್ಳುತ್ತೇನೆ. ಪಾದ ಧಪ್ಪೆಂದರೆ ಮಂಡಿ ಬಾಗಿಲ್ಲ ಎಂದರ್ಥ, ಮತ್ತೆ ಬೇಸ್‌ಲೈನಿಗೆ. ಅದಾದ ಮೇಲೆ ಮುಂದೆ ಹೋಗಿ ನಿಂತು ಮಂಡಿ ಒಳಕ್ಕೆ ವಾಲುತ್ತಿದೆಯೇ ನೋಡುತ್ತೇನೆ. ವಾಲಿದವಳಿಗೆ ತೊಡೆ, ಪೃಷ್ಠದ ಸ್ನಾಯುಗಳ ವ್ಯಾಯಾಮ ಬೇರೆಯಾಗಿ ಬರೆದುಕೊಡುತ್ತೇನೆ. ಹುಡುಗಿಯರಿಗೆ ಬೇಜಾರಾಗುತ್ತದೆ, ಗೊತ್ತು. ಆದರೂ ಇದರಲ್ಲಿ ನಾನು ರಾಜಿ ಆಗುವುದಿಲ್ಲ.

ಶೂಟಿಂಗ್‌ನ ತೊಂದರೆ ಇನ್ನೂ ಹಿಂದಿನಿಂದ ಬಂದಿರುತ್ತದೆ. ಮಹಿಳೆಯರ ಚೆಂಡು 6ನೇ ಸೈಜ್, ತೂಕ ಹೆಚ್ಚೆಂದರೆ 550 ಗ್ರಾಂ. ಎಷ್ಟೋ ಶಾಲೆಗಳಲ್ಲಿ ಇರುವುದು ಮಾತ್ರ ಹುಡುಗರ 7ನೇ ಸೈಜ್. ಹನ್ನೆರಡರ ಹುಡುಗಿ ಆ ದೊಡ್ಡ ಚೆಂಡನ್ನು 3.05 ಮೀಟರ್ ಎತ್ತರದ ರಿಂಗಿಗೆ ಮುಟ್ಟಿಸಬೇಕಾದರೆ ಸೊಂಟದ ಹತ್ತಿರದಿಂದ ಎರಡೂ ಕೈಯಲ್ಲಿ ತಳ್ಳದೆ ಬೇರೆ ದಾರಿ ಇಲ್ಲ. ಅದೇ ರೂಢಿ ಕಾಲೇಜಿಗೂ ಬರುತ್ತದೆ, ಬ್ಲಾಕ್ ಮಾಡುವವಳಿಗೆ ಸುಲಭದ ತುತ್ತು. ನಾನು ಅವರನ್ನು ರಿಂಗಿನ ಕೆಳಗೇ ನಿಲ್ಲಿಸಿ ಒಂದೇ ಕೈಯಲ್ಲಿ ಹಾಕಿಸುತ್ತೇನೆ. ಮೊಣಕೈ ಚೆಂಡಿನ ಕೆಳಗೆ, ಬಿಟ್ಟ ಮೇಲೆ ಮಣಿಕಟ್ಟು ಪೂರ್ತಿ ಮಡಚಿರಬೇಕು. ಅದು ಕೂತ ಮೇಲೆ ಒಂದೊಂದೇ ಹೆಜ್ಜೆ ಹಿಂದಕ್ಕೆ. 6.75 ಮೀಟರಿನ ತ್ರೀ ಪಾಯಿಂಟ್ ಗೆರೆ ಎಷ್ಟೋ ಜನರಿಗೆ ಎರಡನೇ ವರ್ಷದಲ್ಲಿ ಸಿಗುತ್ತದೆ.

ಇನ್ನು ಬಾಯಿ ಬಿಡಿಸುವುದು. ಡಿಫೆನ್ಸ್ ನಡೆಯುವುದೇ ಕೂಗಿನ ಮೇಲೆ. ಹಿಂದಿನಿಂದ ಸ್ಕ್ರೀನ್ (ದಾರಿಗೆ ಅಡ್ಡ ನಿಲ್ಲುವ ಎದುರಾಳಿ) ಬರುತ್ತಿದ್ದರೆ ಅದನ್ನು ಕಾಣುವವಳು ಒಬ್ಬಳೇ, ಅವಳು ಕೂಗದಿದ್ದರೆ ಎದುರಾಳಿಗೆ ಬಾಸ್ಕೆಟ್ ಸಿಕ್ಕಿತು. ಫಸ್ಟ್ ಇಯರ್ ಹುಡುಗಿಗೆ ಫೈನಲ್ ಇಯರ್ ಅಕ್ಕನ ಮೇಲೆ ದನಿ ಎತ್ತಲು ಸಂಕೋಚ. ಅದಕ್ಕೇ ಡ್ರಿಲ್‌ನಲ್ಲಿ ಅಂಕ ಕೊಡುವುದು ಕೂಗಿಗೆ: ಎದುರಾಳಿಯಿಂದ ಚೆಂಡು ಕಿತ್ತುಕೊಂಡರೂ ಯಾರೂ ಕೂಗಿರದಿದ್ದರೆ ಸೊನ್ನೆ. ಕೆಲವೇ ವಾರದಲ್ಲಿ "ಅಕ್ಕಾ, ಲೆಫ್ಟ್ ಸ್ಕ್ರೀನ್!" ಎಂದು ಅರಚುವವಳೇ ಲೈಬ್ರರಿಯಲ್ಲಿ ಪಿಸುಗುಡುತ್ತಿದ್ದ ಹುಡುಗಿಯಾಗಿರುತ್ತಾಳೆ. ನನಗೆ ಇದು ಕಪ್ ಗೆದ್ದಷ್ಟೇ ಖುಷಿ.

ಮೂರನೇ ಕ್ವಾರ್ಟರ್ ಮುಗಿಯುವಷ್ಟರಲ್ಲಿ ಕಾಲು ಸೋಲುವ ಹುಡುಗಿಯರನ್ನು ಸೋಮಾರಿ ಎಂದು ಬೈಯುವ ಕೋಚ್‌ಗಳನ್ನು ನೋಡಿದ್ದೇನೆ. ಬೈಯುವ ಮೊದಲು ಹಿಮೋಗ್ಲೋಬಿನ್ ನೋಡಿ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದ 15ರಿಂದ 49 ವರ್ಷದ ಮಹಿಳೆಯರಲ್ಲಿ ಶೇ 57ರಷ್ಟು ಮಂದಿಗೆ ರಕ್ತಹೀನತೆ ಇದೆ. ಬೆಳಗಿನ ಆರಕ್ಕೆ ಪ್ರಾಕ್ಟೀಸ್ ಎಂದರೆ ಬಸ್ ಹಿಡಿದು ಖಾಲಿ ಹೊಟ್ಟೆಯಲ್ಲಿ ಬರುವವರೇ ಹೆಚ್ಚು. ಸೀಸನ್ ಶುರುವಿಗೆ ಎಲ್ಲರಿಗೂ ರಕ್ತ ಪರೀಕ್ಷೆ ಮಾಡಿಸುತ್ತೇನೆ, ಕಡಿಮೆ ಇದ್ದವರನ್ನು ಡಾಕ್ಟರ ಹತ್ತಿರ ಕಳಿಸುತ್ತೇನೆ. ಬರುವ ಮುಂಚೆ ಬಾಳೆಹಣ್ಣು, ಮುಗಿದ ಮೇಲೆ ಮೊಟ್ಟೆ ಇಲ್ಲವೇ ನೆನೆಸಿದ ಕಡಲೆ. ತಿಂಡಿಯ ಜೊತೆಗೇ ಕಾಫಿ ಬೇಡ, ಅದು ಆಹಾರದ ಕಬ್ಬಿಣವನ್ನು ಮೈಗೆ ಹತ್ತಲು ಬಿಡುವುದಿಲ್ಲ. ಮುಟ್ಟಿನ ದಿನಗಳ ಬಗ್ಗೆಯೂ ನೇರವಾಗಿ ಕೇಳುತ್ತೇನೆ. ಮಹಿಳಾ ಕೋಚ್ ಇದ್ದರೆ ಈ ಮಾತು ಸುಲಭ.

2017ರ ಜುಲೈನಲ್ಲಿ ಕಂಠೀರವ ಒಳಾಂಗಣ ಕ್ರೀಡಾಂಗಣದಲ್ಲಿ ಮಹಿಳಾ ಬಾಸ್ಕೆಟ್‌ಬಾಲ್ ಏಷ್ಯಾ ಕಪ್‌ನ ಬಿ ಡಿವಿಷನ್ ನಡೆದಾಗ ತಂಡವನ್ನು ಕರೆದುಕೊಂಡು ಹೋಗಿದ್ದೆ. ಫೈನಲ್‌ನಲ್ಲಿ ಭಾರತ ಕಜಕಿಸ್ತಾನವನ್ನು 75–73ರಲ್ಲಿ ಸೋಲಿಸಿತು. ಗ್ಯಾಲರಿಯಲ್ಲಿ ಕೂತ ನನ್ನ ಹುಡುಗಿಯರಿಗೆ ಒಂದೇ ಕೆಲಸ ಕೊಟ್ಟಿದ್ದೆ: ಚೆಂಡನ್ನು ಬಿಟ್ಟು, ಚೆಂಡಿಲ್ಲದ ನಾಲ್ವರ ಪಾದ ನೋಡಿ.

ಆಡಳಿತ ಮಂಡಳಿಗಳು ಮೊದಲ ವರ್ಷವೇ ಟ್ರೋಫಿ ಕೇಳುತ್ತವೆ. ಆಗ ನಾನು ಡಾನ್ ಸ್ಟೇಲಿ ವಿಷಯ ಹೇಳುತ್ತೇನೆ. ಆಕೆಯೂ ಪಾಯಿಂಟ್ ಗಾರ್ಡ್, ಆಟಗಾರ್ತಿಯಾಗಿ ಅಮೆರಿಕಕ್ಕೆ ಮೂರು ಒಲಿಂಪಿಕ್ ಚಿನ್ನ ಗೆದ್ದವರು. 2008ರಲ್ಲಿ ಸೌತ್ ಕೆರೊಲಿನಾ ಯೂನಿವರ್ಸಿಟಿಗೆ ಕೋಚ್ ಆಗಿ ಬಂದರು. ಮೊದಲ ಸೀಸನ್‌ನಲ್ಲಿ 10 ಗೆಲುವು, 18 ಸೋಲು. ಅಲ್ಲಿನ ಮೊದಲ ರಾಷ್ಟ್ರೀಯ ಚಾಂಪಿಯನ್ ಪಟ್ಟ ಬಂದದ್ದು 2017ರಲ್ಲಿ, 2024ರಲ್ಲಿ ಅವರ ತಂಡ 38 ಪಂದ್ಯ ಆಡಿ ಒಂದನ್ನೂ ಸೋಲಲಿಲ್ಲ. ಅಲ್ಲಿನ ದುಡ್ಡು, ಸೌಕರ್ಯ ನಮಗಿಲ್ಲ, ನಿಜ. ನಾನು ಕೇಳುವುದು ಕಾಲಾವಕಾಶ.

ನಮ್ಮಲ್ಲಿ ಡಿಗ್ರಿ ಜೊತೆಗೆ ಹುಡುಗಿಯರ ಕಣ್ಣು ಇರುವುದು ರೈಲ್ವೆ ಸ್ಪೋರ್ಟ್ಸ್ ಕೋಟಾದ ನೌಕರಿ ಮೇಲೆ. ಫೈನಲ್ ಇಯರ್‌ನವರಿಗೆ ಸಂಜೆ ಬೇರೆ ಪ್ರಾಕ್ಟೀಸ್ ಇಡುತ್ತೇನೆ: ಎಡಗೈ ಲೇಅಪ್ (ಓಡಿ ಬಂದು ರಿಂಗಿನ ಹತ್ತಿರದಿಂದ ಹಾಕುವ ಶಾಟ್), ಸುಸ್ತಾದ ಮೇಲೆ ಫ್ರೀ ಥ್ರೋ, ಮತ್ತೆ ಅದೇ ಜಂಪ್ ಸ್ಟಾಪ್. ಸರ್ಟಿಫಿಕೇಟ್‌ಗಳನ್ನು ವರ್ಷದ ಪ್ರಕಾರ ಫೈಲ್ ಮಾಡಿಸುವುದೂ ನನ್ನ ಕೆಲಸವೇ, ಆಯ್ಕೆಯ ಟ್ರಯಲ್ಸ್ ಬಾಗಿಲಲ್ಲಿ ಮೊದಲು ಕೇಳುವುದು ಅದನ್ನೇ.